ಬ್ರೆಕ್ಸಿಟ್ ಮಾಡಿದ್ದು ಬರೀ ಅಜ್ಜ-ಅಜ್ಜಿಯರಲ್ಲ

ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತೆ. ಒಂದು, ಮುದುಕರು ಹುಡುಗರ ಭವಿಷ್ಯಕ್ಕೆ ಕಲ್ಲು ಹಾಕಿದ್ರು. ಇನ್ನೊಂದು, ಹುಡುಗರು ಬೂತ್ ಕಡೆ ತಲೆನೇ ಹಾಕಲಿಲ್ಲ, ಈಗ ಅತ್ತರೆ ಏನು ಬಂತು. ಎರಡನ್ನೂ ಇವತ್ತು ಲೆಕ್ಕಕ್ಕೆ ಹಚ್ಚೋಣ. ಕ್ಯಾಲ್ಕುಲೇಟರ್ ಕೂಡ ಬೇಡ, ಒಂದು ಚೀಟಿ ಸಾಕು.

ಮೊದಲು ಎಣಿಕೆ. 2016ರ ಜೂನ್ 23, ಗುರುವಾರ, ಜನಮತದ ದಿನ. ಯುರೋಪಿಯನ್ ಒಕ್ಕೂಟ ಬಿಡೋಣ ಅಂದವರು 1 ಕೋಟಿ 74 ಲಕ್ಷ, ಇರೋಣ ಅಂದವರು 1 ಕೋಟಿ 61 ಲಕ್ಷ. ಅಂತರ 12 ಲಕ್ಷ 69 ಸಾವಿರ. ಇದನ್ನ ನೆನಪಿಡಿ, ಮತ್ತೆ ಬೇಕಾಗುತ್ತೆ.

ಮತಪತ್ರದ ಮೇಲೆ ವಯಸ್ಸು ಬರೆಯಲ್ಲ. 382 ಕಡೆ ಎಣಿಕೆ ನಡೀತು. ಯಾವ ಊರು ಏನಂತು ಅನ್ನೋದು ಎಣಿಸಿದ ಸತ್ಯ. ಯಾವ ವಯಸ್ಸು ಏನಂತು ಅನ್ನೋದು ಮಾತ್ರ ಸಮೀಕ್ಷೆ. ಎಲ್ಲರೂ ಉದಾಹರಿಸೋದು ಲಾರ್ಡ್ ಆಶ್‌ಕ್ರಾಫ್ಟ್ ಸಮೀಕ್ಷೆ, 12 ಸಾವಿರಕ್ಕೂ ಹೆಚ್ಚು ಜನರನ್ನ ಕೇಳಿದ್ದು. ಅದರ ಪ್ರಕಾರ 18ರಿಂದ 24ರವರಲ್ಲಿ ಶೇ. 73 ಇರೋಣ ಅಂದ್ರು, 65 ದಾಟಿದವರಲ್ಲಿ ಶೇ. 60 ಬಿಡೋಣ ಅಂದ್ರು.

ಹುಡುಗರು ಎಷ್ಟು ಜನ ಹೋದ್ರು? ಫಲಿತಾಂಶದ ಬೆನ್ನಲ್ಲೇ ಶೇ. 36 ಅನ್ನೋ ಅಂಕಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಆದ್ರೆ ಅದು ಅವತ್ತು ಓಟ್ ಹಾಕಿದವರ ಲೆಕ್ಕ ಅಲ್ಲ. ಹಿಂದಿನ ಮತದಾನದ ಅಭ್ಯಾಸ ನೋಡಿ ಮಾಡಿದ ಅಂದಾಜು. ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಮಾಡಿದ ಲೆಕ್ಕ: ಪಟ್ಟಿಯಲ್ಲಿ ಹೆಸರಿದ್ದ ಹುಡುಗರಲ್ಲಿ ಶೇ. 64, ಹಿರಿಯರಲ್ಲಿ ಶೇ. 90. ಮೊದಲನೇ ಅಂಕಿ ಓಡಿದಷ್ಟು ಎರಡನೇದು ಓಡಲಿಲ್ಲ. ಬೈಗುಳಕ್ಕೆ ಕಾಲು ಜಾಸ್ತಿ.

ಈಗ ಚೀಟಿ ತಗೊಳ್ಳಿ. ಪಟ್ಟಿಯಲ್ಲಿರೋ 100 ಹುಡುಗರಲ್ಲಿ 64 ಜನ ಹೋದ್ರು: 47 ಇರೋಣ, 17 ಬಿಡೋಣ. ಇರೋಣ ಅನ್ನೋ ಕಡೆಗೆ 30 ಓಟಿನ ಮುನ್ನಡೆ. 100 ಹಿರಿಯರಲ್ಲಿ 90 ಜನ ಹೋದ್ರು: 54 ಬಿಡೋಣ, 36 ಇರೋಣ. ಬಿಡೋ ಕಡೆಗೆ 18ರ ಮುನ್ನಡೆ. ಅಂದ್ರೆ ತಲಾ ನೂರಕ್ಕೆ ನೋಡಿದ್ರೆ ಹುಡುಗರ ತೂಕವೇ ಜಾಸ್ತಿ! ತಕ್ಕಡಿ ವಾಲಿದ್ದು ಯಾಕೆ ಅಂದ್ರೆ, 65 ದಾಟಿದವರ ಸಂಖ್ಯೆ ಸುಮಾರು ಎರಡು ಪಟ್ಟು. ಹದಿನೆಂಟೆರಡ್ಲಿ ಮೂವತ್ತಾರು.

ಸರಿ, ಹುಡುಗರೂ ಶೇ. 90 ಹೋಗಿದ್ದಿದ್ರೆ? ನೂರಕ್ಕೆ ಇನ್ನೊಂದು 12 ಓಟಿನ ಮುನ್ನಡೆ ಸೇರ್ತಿತ್ತು. ಆ ವಯಸ್ಸಿನವರು ಹೆಚ್ಚುಕಮ್ಮಿ 60 ಲಕ್ಷ. ಅಷ್ಟೂ ಜನ ಪಟ್ಟಿಯಲ್ಲಿದ್ರು ಅಂತಾನೇ ಇಟ್ಕೊಳ್ಳಿ, 7 ಲಕ್ಷ ಚಿಲ್ಲರೆ. ಬೇಕಾಗಿದ್ದು 12 ಲಕ್ಷ 69 ಸಾವಿರ. ಸಾಲಲ್ಲ. 16-17ರ ಮಕ್ಕಳಿಗೂ ಓಟ್ ಕೊಟ್ಟಿದ್ರೆ? ಸ್ಕಾಟ್ಲೆಂಡ್ 2014ರ ಜನಮತದಲ್ಲಿ ಕೊಟ್ಟಿತ್ತು. 2015ರಲ್ಲಿ ಸಂಸತ್ತಿನ ಮೇಲ್ಮನೆ ಲಾರ್ಡ್ಸ್ ಸಭೆಯೂ ಕೊಡಿ ಅಂತು, ಕೆಳಮನೆ ಕಾಮನ್ಸ್ ಸಭೆ ಬೇಡ ಅಂತು. ಅವರು ಸುಮಾರು 15 ಲಕ್ಷ. ಮುಕ್ಕಾಲು ಪಾಲು ಹೋಗಿ, ಅದೇ ಶೇ. 73 ಇರೋಣ ಅಂದಿದ್ರೂ 5 ಲಕ್ಷದ ಆಸುಪಾಸು. ಎರಡೂ ಕೂಡಿಸಿದ್ರೆ 12 ಲಕ್ಷ ದಾಟುತ್ತೆ, ಗೆಲುವಿನ ಗೆರೆ ಮಾತ್ರ ಮುಟ್ಟಲ್ಲ.

ಹಾಗಾದ್ರೆ ಸೋತಿದ್ದು ಎಲ್ಲಿ? ಅದೇ ಸಮೀಕ್ಷೆಯ ನಡುವಿನ ಸಾಲು ನೋಡಿ. 45ರಿಂದ 54ರವರಲ್ಲಿ ಶೇ. 56, 55ರಿಂದ 64ರವರಲ್ಲಿ ಶೇ. 57 ಬಿಡೋಣ ಅಂದ್ರು. ಅಜ್ಜಂದಿರಿಗಿಂತ ಮೂರ್ನಾಲ್ಕು ಅಂಕ ಕಡಿಮೆ, ಅಷ್ಟೇ. ಇವರು ಯಾರು? ಇರೋಣ ಅಂತ ಓಟ್ ಹಾಕಿದ ಹುಡುಗರ ಅಪ್ಪ-ಅಮ್ಮಂದಿರು. ಮನೆಯಲ್ಲಿ ಜಗಳ ನಡೆದಿದ್ದು ಅಜ್ಜ-ಮೊಮ್ಮಗನ ಮಧ್ಯೆ ಅಲ್ಲ, ಊಟದ ಟೇಬಲ್‌ನ ಆ ಕಡೆ ಈ ಕಡೆ.

ಅಸಲಿ ವಿಷಯ ಇಲ್ಲಿದೆ. ಇದೇ ಪ್ರಶ್ನೆ ಬ್ರಿಟನ್ ಮುಂದೆ ಮೊದಲು ಬಂದಿದ್ದು 1975ರ ಜೂನ್ 5ಕ್ಕೆ. ಆಗ ಶೇ. 67 ಜನ ಇರೋಣ ಅಂದಿದ್ರು. ಅದೇ ವರ್ಷ ಕನ್ಸರ್ವೇಟಿವ್ ನಾಯಕಿ ಆಗಿದ್ದ ಮಾರ್ಗರೆಟ್ ಥ್ಯಾಚರ್, ಒಂಬತ್ತು ಸದಸ್ಯ ದೇಶಗಳ ಬಾವುಟ ಹೆಣೆದ ಸ್ವೆಟರ್ ಹಾಕ್ಕೊಂಡು ಪಾರ್ಲಿಮೆಂಟ್ ಚೌಕದಲ್ಲಿ ಯುರೋಪಿನ ಪರ ಪ್ರಚಾರಕ್ಕೆ ನಿಂತಿದ್ರು. ಅವತ್ತು 18 ತುಂಬಿದವರಿಗೆ 2016ರಲ್ಲಿ 59. ಅಂದ್ರೆ 59ಕ್ಕಿಂತ ಕಿರಿಯರು ಆ ಸ್ವೆಟರ್ ಕಾಲದ ಮತದಾರರೇ ಅಲ್ಲ. ಅವರು ಬೆಳೆದಿದ್ದು ಆಮೇಲಿನ ಭಾಷಣ ಕೇಳಿ. 1983ರಲ್ಲಿ ಲೇಬರ್ ಪಕ್ಷದ ಪ್ರಣಾಳಿಕೆಯೇ ಹೊರಗೆ ಹೋಗೋಣ ಅಂತು. 1988ರಲ್ಲಿ ಅದೇ ಥ್ಯಾಚರ್ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ಬ್ರಸೆಲ್ಸ್ ಮೇಲೆ, ಅಂದ್ರೆ ಯುರೋಪಿನ ಆಡಳಿತದ ಮೇಲೆ, ಹರಿಹಾಯ್ದ್ರು. 90ರ ದಶಕದಲ್ಲಿ, ಯುರೋಪಿಯನ್ ಒಕ್ಕೂಟ ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದದ ಮೇಲೆ ಪ್ರಧಾನಿ ಜಾನ್ ಮೇಜರ್‌ಗೆ ಸ್ವಂತ ಪಕ್ಷದವರೇ ತಿರುಗಿಬಿದ್ರು. ಮನೆಯಲ್ಲಿ ಏನೇ ಕೆಟ್ಟರೂ ಬ್ರಸೆಲ್ಸ್ ಕಡೆ ಬೆರಳು ತೋರಿಸೋದು ರೂಢಿ ಆಗೋಯ್ತು.

ಜನಮತದ ಹೊತ್ತಿಗೆ ಪ್ರಧಾನಿ ಆಗಿದ್ದ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ ಕೂಡ ಇದೇ ಗರಡಿಯವರು. 2009ರಲ್ಲಿ ಯುರೋಪಿಯನ್ ಸಂಸತ್ತಿನ ದೊಡ್ಡ ಬಲಪಂಥೀಯ ಗುಂಪಿನಿಂದ ತಮ್ಮ ಸದಸ್ಯರನ್ನ ಹೊರಗೆ ಕರ್ಕೊಂಡು ಬಂದವರೇ ಇವರು. ಆಮೇಲೆ 2016ರಲ್ಲಿ ಇರೋಣ ಅಂತ ಹತ್ತು ವಾರದ ಪ್ರಚಾರ, 93 ಲಕ್ಷ ಪೌಂಡ್ ಸರ್ಕಾರಿ ಹಣದಲ್ಲಿ ಮನೆಮನೆಗೆ ಕರಪತ್ರ. ಮೂವತ್ತು ವರ್ಷ ಬೈಗುಳ ಕೇಳಿಸಿ, ಹತ್ತು ವಾರದಲ್ಲಿ ಪ್ರೀತಿಸಿ ಅಂದ್ರೆ ಯಾರು ನಂಬ್ತಾರೆ? ಅದೂ ಪ್ರೀತಿಯ ಮಾತಲ್ಲ, ಹೆದರಿಕೆಯ ಮಾತು: ಹೊರಗೆ ಹೋದ್ರೆ 2030ರ ಹೊತ್ತಿಗೆ ಪ್ರತಿ ಮನೆಗೆ 4,300 ಪೌಂಡ್ ನಷ್ಟ ಅಂತ ಹಣಕಾಸು ಇಲಾಖೆ ಲೆಕ್ಕ ಕೊಡ್ತು. 2008ರಿಂದ ಸಂಬಳ ಏರದೆ ಕೂತವರಿಗೆ ಈ ಸಂಖ್ಯೆ ಹತ್ತಲೇ ಇಲ್ಲ. ಸಂಡರ್ಲೆಂಡ್‌ನಲ್ಲಿ ನಿಸಾನ್ ಕಾರ್ಖಾನೆ ಇದೆ, ಅಲ್ಲಿಂದ ಕಾರು ಯುರೋಪಿಗೆ ಹೋಗುತ್ತೆ. ಆ ಊರೇ ಶೇ. 61 ಬಿಡೋಣ ಅಂತು.

ಇದರ ಮೇಲೆ ವಲಸೆ. ನಿವ್ವಳ ವಲಸೆಯನ್ನ 1 ಲಕ್ಷದ ಕೆಳಗೆ ಇಳಿಸ್ತೀನಿ ಅಂತ ಮಾತು ಕೊಟ್ಟವರು ಕ್ಯಾಮರಾನ್. ಪ್ರಚಾರದ ನಟ್ಟನಡುವೆ, ಮೇ ತಿಂಗಳಲ್ಲಿ, 2015ರ ಸರ್ಕಾರಿ ಅಂಕಿ ಬಂತು: 3 ಲಕ್ಷ 33 ಸಾವಿರ. ಎದುರಾಳಿಗಳಿಗೆ ಬೇರೆ ಪೋಸ್ಟರ್ ಬೇಕಾ? ಆದ್ರೂ ಮಾಡ್ಕೊಂಡ್ರು, ಕೆಂಪು ಬಸ್ಸು, ಅದರ ಮೇಲೆ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕೊಡ್ತಿದ್ದೀವಿ ಅನ್ನೋ ಬರಹ. ಬ್ರಿಟನ್ನಿಗೆ ಸಿಗ್ತಿದ್ದ ರಿಯಾಯಿತಿ ಕಳೆದೇ ಇರಲಿಲ್ಲ ಆ ಲೆಕ್ಕದಲ್ಲಿ.

2016ರಲ್ಲಿ ಲೇಬರ್ ನಾಯಕ ಆಗಿದ್ದ ಜೆರೆಮಿ ಕಾರ್ಬಿನ್ 1975ರಲ್ಲಿ ಬೇಡ ಅಂತ ಓಟ್ ಹಾಕಿದವರು. 2016ರ ಜೂನ್‌ನಲ್ಲಿ ಟಿವಿಯಲ್ಲಿ, ಒಕ್ಕೂಟದಲ್ಲಿ ಇರೋ ಬಗ್ಗೆ ತಮ್ಮ ಉತ್ಸಾಹಕ್ಕೆ ಹತ್ತಕ್ಕೆ ಏಳು, ಏಳೂವರೆ ಅಂಕ ಕೊಟ್ಕೊಂಡ್ರು. ಪ್ರಾಮಾಣಿಕ ಉತ್ತರ ಇರಬಹುದು, ಆದ್ರೆ ಪ್ರಚಾರಕ್ಕೆ ನಿಂತ ನಾಯಕನ ಬಾಯಲ್ಲಿ ಅದು ತಣ್ಣೀರು.

ಹುಡುಗರ ವಿಷಯದಲ್ಲಿ ವ್ಯವಸ್ಥೆಯದ್ದೂ ತಪ್ಪಿದೆ. 2014ರವರೆಗೆ ಮನೆ ಯಜಮಾನ ಒಂದೇ ಫಾರ್ಮ್‌ನಲ್ಲಿ ಎಲ್ಲರ ಹೆಸರು ತುಂಬಬಹುದಿತ್ತು. ವಿಶ್ವವಿದ್ಯಾಲಯದ ಹಾಸ್ಟೆಲ್‌ನವರು ಮಕ್ಕಳ ಹೆಸರನ್ನ ಒಟ್ಟಿಗೇ ಸೇರಿಸ್ತಿದ್ರು. ಆಮೇಲೆ ಪ್ರತಿಯೊಬ್ಬರೂ ತಮ್ಮ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೊಟ್ಟು ತಾವೇ ನೋಂದಾಯಿಸಬೇಕು ಅಂತಾಯ್ತು. ವರ್ಷಕ್ಕೊಂದು ರೂಮ್ ಬದಲಾಯಿಸೋರಿಗೆ ಇದು ದೊಡ್ಡ ತಲೆನೋವು. ಮತದಾನ ಇಟ್ಟಿದ್ದು ಜೂನ್ ಕೊನೆಗೆ, ಅರ್ಧ ಕ್ಯಾಂಪಸ್ ಖಾಲಿ. ಜೂನ್ 7ರ ರಾತ್ರಿ, ಕೊನೇ ಗಳಿಗೆಯಲ್ಲಿ, ನೋಂದಣಿ ವೆಬ್‌ಸೈಟೇ ಕುಸಿದುಬಿತ್ತು. ಗಡುವನ್ನ ಎರಡು ದಿನ ಮುಂದೆ ಹಾಕಬೇಕಾಯ್ತು.

ಒಂದು ವಿಚಿತ್ರ ಗೊತ್ತಾ? ವೀಸಾ ಮೇಲೆ ಲಂಡನ್‌ನಲ್ಲಿದ್ದ ಹುಬ್ಬಳ್ಳಿಯ ಇಂಜಿನಿಯರ್‌ಗೆ ಆ ದಿನ ಓಟ್ ಇತ್ತು, ಯಾಕಂದ್ರೆ ಭಾರತ ಕಾಮನ್‌ವೆಲ್ತ್ ದೇಶ. ಇಪ್ಪತ್ತು ವರ್ಷದಿಂದ ಅದೇ ಬೀದಿಯಲ್ಲಿದ್ದ ಫ್ರೆಂಚ್ ಪ್ರಜೆಗೆ ಇರಲಿಲ್ಲ.

2019ರ ಚುನಾವಣೆಗೆ ಬನ್ನಿ. ಕನ್ಸರ್ವೇಟಿವ್ ಪ್ರಧಾನಿ ಬೋರಿಸ್ ಜಾನ್ಸನ್ ಹೇಳಿದ್ದು ಒಂದೇ ಮಾತು, ಬ್ರೆಕ್ಸಿಟ್ ಮುಗಿಸೋಣ. ಕಾರ್ಬಿನ್: ಮೂರು ತಿಂಗಳಲ್ಲಿ ಹೊಸ ಒಪ್ಪಂದ, ಆರು ತಿಂಗಳೊಳಗೆ ಮತ್ತೆ ಜನಮತ, ನಾನು ತಟಸ್ಥ. ಎರಡನೇ ಜನಮತ ಬೇಕು ಅಂದ ಪಕ್ಷಗಳಿಗೆ ಒಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಓಟ್ ಬಿತ್ತು. ಜಾನ್ಸನ್‌ಗೆ ಶೇ. 43.6, ಸೀಟು 365. ಹುಡುಗರ ಓಟು ದೊಡ್ಡ ಊರುಗಳಲ್ಲಿ ರಾಶಿ ಬೀಳುತ್ತೆ. ಗೆಲ್ಲೋಕೆ ಒಂದು ಓಟಿನ ಮುನ್ನಡೆ ಸಾಕಾದ ಪದ್ಧತಿಯಲ್ಲಿ ಮೂವತ್ತು ಸಾವಿರದ ಅಂತರ ದಂಡ. ಇರೋಣ-ಬಿಡೋಣ ಫಲಿತಾಂಶವನ್ನ 650 ಕ್ಷೇತ್ರಕ್ಕೆ ಹಂಚಿ ನೋಡಿದ್ರೆ, ಸುಮಾರು 400ರಲ್ಲಿ ಬಿಡೋಣ ಅನ್ನೋರೇ ಮುಂದೆ.

ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಈ ಲೆಕ್ಕ ಬಾಯಿಪಾಠ ಮಾಡ್ಕೊಂಡೇ 2024ರಲ್ಲಿ ಗೆದ್ರು: ಒಕ್ಕೂಟಕ್ಕೆ ವಾಪಸ್ ಇಲ್ಲ, ಏಕ ಮಾರುಕಟ್ಟೆ ಇಲ್ಲ, ಕಸ್ಟಮ್ಸ್ ಯೂನಿಯನ್ ಇಲ್ಲ. ಗೆಲುವಿನ ತಂತ್ರವಾಗಿ ಜಾಣತನವೇ. 2025ರ ಜುಲೈನಲ್ಲಿ ಅದೇ ಸರ್ಕಾರ, ಮುಂದಿನ ಚುನಾವಣೆಯಿಂದ 16ಕ್ಕೇ ಓಟ್ ಕೊಡ್ತೀವಿ ಅಂತು. ಆ ಚುನಾವಣೆ 2029ಕ್ಕೆ ನಡೆದ್ರೆ, ಹೊಸ ಮತದಾರರಲ್ಲಿ ತೀರಾ ಚಿಕ್ಕವರಿಗೆ ಬ್ರೆಕ್ಸಿಟ್ ಜನಮತದ ದಿನ ಮೂರು ವರ್ಷ. ಒಕ್ಕೂಟದ ಒಳಗೇ ಇರಬೇಕು ಅಂತ ವಾದಿಸೋ ಪ್ರಧಾನಿಯನ್ನ ಅವರು ಬುದ್ಧಿ ತಿಳಿದ ಮೇಲೆ ಒಬ್ಬರನ್ನೂ ನೋಡಿಲ್ಲ. 2016ರಲ್ಲಿ ಐವತ್ತರ ಆಸುಪಾಸಿನಲ್ಲಿದ್ದ ಅಪ್ಪ-ಅಮ್ಮಂದಿರು ಬೆಳೆದಿದ್ದೂ ಹೆಚ್ಚುಕಮ್ಮಿ ಹೀಗೇ.