ಮನೆಗೆ ಬೀಗ ಹಾಕಿ ಹೊರಡುವ ಧೈರ್ಯ

ಕೇಳುಗರಿಗೆ ನಮಸ್ಕಾರ.

ಸರ್ಕಾರ ನಮ್ಮನ್ನು ಕಾಪಾಡುತ್ತದೆ ಎಂಬ ನಂಬಿಕೆ ನಿಮಗಿದೆಯೇ ಎಂದು ಯಾರಾದರೂ ಪ್ರಶ್ನಾವಳಿ ಹಿಡಿದು ಮನೆಬಾಗಿಲಿಗೆ ಬಂದರೆ, ಬಂದವರ ಮುಖವನ್ನೂ ಅವರ ಕೊರಳಲ್ಲಿ ತೂಗುವ ಗುರುತಿನ ಚೀಟಿಯನ್ನೂ ನೋಡಿಕೊಂಡು ನಾವು ಏನೋ ಒಂದು ಉತ್ತರ ಹೇಳಿ ಕಳಿಸುತ್ತೇವೆ. ಆ ಉತ್ತರದ ಮೇಲೆ ನಾನು ಹೆಚ್ಚು ಭಾರ ಹಾಕಲಾರೆ. ಮಳೆಗಾಲದ ಒಂದು ರಾತ್ರಿ ಪಂಚಾಯಿತಿಯ ಜೀಪು ಧ್ವನಿವರ್ಧಕ ಕಟ್ಟಿಕೊಂಡು ಬಂದು, ಅಣೆಕಟ್ಟೆಯಿಂದ ನೀರು ಬಿಡುತ್ತಿದ್ದಾರೆ, ನದಿದಂಡೆಯವರು ಕೂಡಲೇ ಮನೆ ಖಾಲಿ ಮಾಡಬೇಕು ಎಂದು ಕೂಗಿದಾಗ, ಮನೆಯವರು ದನಗಳ ಹಗ್ಗ ಬಿಚ್ಚಿ, ಬಾಗಿಲಿಗೆ ಬೀಗ ಹಾಕಿ ಹೊರಡುತ್ತಾರೋ, ಇಲ್ಲವೇ 'ಇವರದು ಪ್ರತಿ ವರ್ಷದ ಕೂಗು' ಎಂದು ಮಗ್ಗುಲು ಬದಲಿಸಿ ಮಲಗುತ್ತಾರೋ ಎಂಬುದರಲ್ಲಿ ನಂಬಿಕೆಯ ನಿಜವಾದ ಅಳತೆ ಸಿಗುತ್ತದೆ. ಇಂದಿನ ಮಾತು ಆ ರಾತ್ರಿಯ ನಿರ್ಧಾರದ ಕುರಿತು; ಅದಕ್ಕಿಂತ ಹೆಚ್ಚಾಗಿ, ಆ ನಿರ್ಧಾರ ವರ್ಷಗಳ ಮೊದಲೇ ಹೇಗೆ ಆಗಿಹೋಗಿರುತ್ತದೆ ಎಂಬುದರ ಕುರಿತು.

ನಮ್ಮ ದೇಶದಲ್ಲಿ ಇದನ್ನು ಅರಿಯಲು ಒಡಿಶಾದ ಕರಾವಳಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. 1999ರ ಅಕ್ಟೋಬರ್ 29ರಂದು ಪಾರಾದೀಪದ ಬಳಿ ದಡಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ, ಸರ್ಕಾರಿ ಲೆಕ್ಕದ ಪ್ರಕಾರವೇ, ಸುಮಾರು ಹತ್ತು ಸಾವಿರ ಮಂದಿ ಸತ್ತರು. ಅವರಲ್ಲಿ ಬಹುಪಾಲು ಜಗತ್‌ಸಿಂಗ್‌ಪುರ ಜಿಲ್ಲೆಯವರು. ಎರಸಮಾ ಎಂಬ ಭಾಗದಲ್ಲಿ ಸಮುದ್ರ ಗೋಡೆಯಂತೆ ಎದ್ದು ಹೊಲಗಳನ್ನು ದಾಟಿ ಮೈಲುಗಟ್ಟಲೆ ಒಳಕ್ಕೆ ನುಗ್ಗಿತ್ತು. ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿರಲಿಲ್ಲ ಎನ್ನುವಂತಿಲ್ಲ. ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಬಾನುಲಿಯಲ್ಲೂ ಬಂದಿತ್ತು. ಆದರೆ ಕೇಳಿದವರು ಹೋಗಬೇಕಾದದ್ದು ಎಲ್ಲಿಗೆ? ಮಣ್ಣಿನ ಗೋಡೆ, ಹುಲ್ಲಿನ ಮಾಡು ಇರುವ ಊರಿನಲ್ಲಿ ಗಟ್ಟಿ ಕಟ್ಟಡವೆಂದರೆ ರೆಡ್ ಕ್ರಾಸ್ ಸಂಸ್ಥೆ ಅಲ್ಲಲ್ಲಿ ಕಟ್ಟಿಸಿದ್ದ, ಬೆರಳೆಣಿಕೆಯ ಆಶ್ರಯ ಕಟ್ಟಡಗಳು ಮಾತ್ರ. ಅವುಗಳಲ್ಲಿ ಒತ್ತಿಕೊಂಡು ನಿಂತ ಸಾವಿರಾರು ಜನ ಬದುಕಿಕೊಂಡರು. ಉಳಿದವರಿಗೆ ಸಿಕ್ಕಿದ್ದು ಎಚ್ಚರಿಕೆಯೊಂದೇ. ಆ ಕರಾವಳಿಯವರು ಅಂಥ ಎಚ್ಚರಿಕೆಗಳನ್ನು ಹಿಂದೆಯೂ ಕೇಳಿದ್ದರು. ಕೇವಲ ಹನ್ನೆರಡು ದಿನಗಳ ಹಿಂದೆ, ಅಕ್ಟೋಬರ್ 17ರಂದು, ಗಂಜಾಂ ಕಡೆಗೆ ಇನ್ನೊಂದು ಚಂಡಮಾರುತ ಬಡಿದುಹೋಗಿತ್ತು. ಹೋಗಲು ಜಾಗ ತೋರಿಸದೆ ಹೋಗಿ ಎನ್ನುವ ಸರ್ಕಾರದ ಮಾತನ್ನು ಕೇಳಲಿಲ್ಲವೆಂದು ಆ ಜನರನ್ನು ಅಜ್ಞಾನಿಗಳೆಂದು ಕರೆಯುವುದು ಸುಲಭ. ಆಗ ಹಾಗೆ ಕರೆದವರೂ ಇದ್ದರು.

ಈಗ 2013ರ ಅಕ್ಟೋಬರ್ 12ಕ್ಕೆ ಬನ್ನಿ. ಫೈಲಿನ್ ಎಂಬ ಚಂಡಮಾರುತ ಗೋಪಾಲಪುರದ ಬಳಿ ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ದಡ ಸೇರಿತು. ಅದಕ್ಕೂ ಮುನ್ನ ಸುಮಾರು 10 ಲಕ್ಷ ಜನ ಮನೆ ಬಿಟ್ಟು ಹೊರಟಿದ್ದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. 2019ರ ಮೇ 3ರಂದು ಪುರಿಯ ಬಳಿ ಬಂದ ಫನಿಯ ಸಮಯದಲ್ಲಿ ಸುಮಾರು 12 ಲಕ್ಷ ಮಂದಿಯನ್ನು ಸ್ಥಳಾಂತರಿಸಲಾಯಿತು. ಆಗ ಸತ್ತವರು 64 ಮಂದಿ. ಒಂದು ಚಂಡಮಾರುತವನ್ನು ಇನ್ನೊಂದರ ಜೊತೆ ತೂಗಬಾರದು, ಗಾಳಿಯ ವೇಗ, ಅಲೆಯ ಎತ್ತರ, ದಡದ ಇಳಿಜಾರು ಎಲ್ಲವೂ ಬೇರೆ ಬೇರೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಹತ್ತು ಸಾವಿರದಿಂದ ಎರಡಂಕಿಗೆ ಇಳಿದ ಈ ಲೆಕ್ಕವನ್ನು ಗಾಳಿಯ ಕರುಣೆ ಎಂದು ಯಾರೂ ಹೇಳಲಾರರು.

ಈ ನಡುವೆ ಆದದ್ದೇನು? 1999ರ ಡಿಸೆಂಬರಿನಲ್ಲೇ ಆ ರಾಜ್ಯ ವಿಪತ್ತು ನಿರ್ವಹಣೆಗೆಂದೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು ಆರು ವರ್ಷಗಳ ಅನಂತರ, 2005ರಲ್ಲಿ. ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ನಿಂತ, ನೆಲಮಟ್ಟದಲ್ಲಿ ನೀರು ಹರಿದುಹೋಗಲು ತೆರವು ಬಿಟ್ಟ ಆಶ್ರಯ ಕಟ್ಟಡಗಳು ಎದ್ದವು. ಇಂದು ಅವುಗಳ ಸಂಖ್ಯೆ ಎಂಟುನೂರನ್ನು ದಾಟಿದೆ. ನನ್ನ ಮಟ್ಟಿಗೆ ಇಲ್ಲಿ ಗಮನಿಸಬೇಕಾದದ್ದು ಆ ಕಟ್ಟಡಗಳ ಸಿಮೆಂಟಿಗಿಂತ ಹೆಚ್ಚಾಗಿ ಅವುಗಳ ದಿನನಿತ್ಯದ ಬಳಕೆ. ಅನೇಕ ಕಡೆ ಅವು ಶಾಲೆಗಳಾಗಿವೆ. ಚಂಡಮಾರುತದ ರಾತ್ರಿ ತಾಯಿ ತನ್ನ ಮಗುವನ್ನು ಕರೆದುಕೊಂಡು ಹೋಗುವುದು ಆ ಮಗು ದಿನವೂ ಮಗ್ಗಿ ಹೇಳುವ ಕೋಣೆಗೆ. ಅಲ್ಲಿನ ಮೆಟ್ಟಿಲು, ನೀರಿನ ತೊಟ್ಟಿ, ಶೌಚಾಲಯ ಯಾವುದೂ ಅವಳಿಗೆ ಹೊಸದಲ್ಲ. ಕಟ್ಟಡದ ಉಸ್ತುವಾರಿ ಊರಿನವರದೇ ಸಮಿತಿಯ ಕೈಯಲ್ಲಿರುತ್ತದೆ. ಬಾಗಿಲು ತಟ್ಟಿ ಎಬ್ಬಿಸುವವರು ತರಬೇತಿ ಪಡೆದ ಅದೇ ಊರಿನ ಹುಡುಗ ಹುಡುಗಿಯರು. ಅಣಕು ಕಾರ್ಯಾಚರಣೆಗಳು ವರ್ಷ ವರ್ಷವೂ ನಡೆಯುತ್ತವೆ. ಅಕ್ಟೋಬರ್ 29ನ್ನು ಆ ರಾಜ್ಯ ವಿಪತ್ತು ಸಿದ್ಧತಾ ದಿನವೆಂದೇ ಆಚರಿಸುತ್ತದೆ. ಗರ್ಭಿಣಿಯರನ್ನು ಮೊದಲೇ ಪಟ್ಟಿ ಮಾಡಿ ಆಸ್ಪತ್ರೆಗೆ ಸೇರಿಸುವ ಕ್ರಮ ಎಷ್ಟು ಬೇರೂರಿದೆಯೆಂದರೆ, 2024ರ ಅಕ್ಟೋಬರಿನಲ್ಲಿ ದಾನಾ ಚಂಡಮಾರುತ ಬಂದಾಗ ಸಾವಿರಾರು ಗರ್ಭಿಣಿಯರನ್ನು ಹೀಗೆ ಮುಂಚಿತವಾಗಿ ಸಾಗಿಸಲಾಯಿತು. ಹಾಗೆಂದು ಎಲ್ಲರೂ ಮನಸಾರೆ ಹೊರಟರು ಎಂದು ಚಿತ್ರಿಸಿದರೆ ತಪ್ಪಾಗುತ್ತದೆ. ಒಪ್ಪದವರನ್ನು ಪೊಲೀಸರು ಒತ್ತಾಯದಿಂದ ಕರೆದೊಯ್ದದ್ದೂ ಉಂಟು. ಆದರೆ ಹತ್ತು ಲಕ್ಷ ಜನರನ್ನು ಎರಡು ಮೂರು ದಿನಗಳಲ್ಲಿ ಲಾಠಿಯ ಬಲದಿಂದ ಸಾಗಿಸಬಲ್ಲ ಪೊಲೀಸ್ ಪಡೆ ಯಾವ ರಾಜ್ಯದಲ್ಲೂ ಇಲ್ಲ.

ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಲೆಕ್ಕದಂತೆ ಈ ನಂಬಿಕೆಯೂ ಹಿಂದಿನ ಬಾಕಿಯನ್ನು ನೋಡಿಯೇ ಮುಂದಿನದಕ್ಕೆ ಒಪ್ಪುತ್ತದೆ. ಕಳೆದ ಸಲ ಹೊರಟು ಹೋದವನಿಗೆ ಅನ್ನ ಸಿಕ್ಕಿತೇ, ಅವನು ಬಿಟ್ಟುಹೋದ ಮನೆಯ ಸಾಮಾನು ಇದ್ದಲ್ಲೇ ಇತ್ತೇ, ಬಿದ್ದ ಗೋಡೆಗೆ ಪರಿಹಾರ ಬಂತೇ ಎಂಬುದನ್ನೆಲ್ಲ ಊರು ನೆನಪಿನಲ್ಲಿ ಬರೆದಿಟ್ಟುಕೊಂಡಿರುತ್ತದೆ.

ಈ ಬಾಕಿ ಕರ್ನಾಟಕದಲ್ಲಿ ಎಲ್ಲಿ ಉಳಿದಿದೆ ಎಂದು ನೋಡಲು ಮಲಪ್ರಭಾ ದಂಡೆಗೆ ಹೋಗಬೇಕು. 2009ರ ಸೆಪ್ಟೆಂಬರ್ ಕೊನೆಯಲ್ಲೂ ಅಕ್ಟೋಬರ್ ಮೊದಲ ದಿನಗಳಲ್ಲೂ ಸುರಿದ ಮಳೆಗೆ ಉತ್ತರ ಕರ್ನಾಟಕದ ನದಿಗಳೆಲ್ಲ ದಂಡೆ ಮೀರಿದವು; ಕೃಷ್ಣಾ, ತುಂಗಭದ್ರಾ, ಮಲಪ್ರಭಾ ತೀರದ ಊರುಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ಸಾಲುಸಾಲಾಗಿ ಕುಸಿದವು. ಆಗ ಸರ್ಕಾರವೂ ದಾನಿ ಸಂಸ್ಥೆಗಳೂ ಸೇರಿ 'ಆಸರೆ' ಎಂಬ ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನೇ ಕಟ್ಟಿದವು. ಉದ್ದೇಶ ಒಳ್ಳೆಯದಿತ್ತು, ಹಣವೂ ಖರ್ಚಾಯಿತು. ಆದರೆ ಅನೇಕ ಕಡೆ ಜನ ಅಲ್ಲಿಗೆ ಹೋಗಲಿಲ್ಲ, ಹೋದವರಲ್ಲಿ ಕೆಲವರು ತಿರುಗಿ ಬಂದರು. ಇಂದಿಗೂ ಆ ಆಸರೆ ಕಾಲೊನಿಗಳಲ್ಲಿ ಕೆಲವಕ್ಕೆ ಹೋಗಿ ನೋಡಿದರೆ, ಮನೆಗಳ ನಡುವೆ ಆಳೆತ್ತರಕ್ಕೆ ಬೆಳೆದ ಜಾಲಿಕಂಟಿ, ಬಾಗಿಲು ಕಿಟಕಿ ಕಳಚಿಹೋದ ಗೋಡೆಗಳು ಕಾಣುತ್ತವೆ. ಕಾರಣ ಕೇಳಿದರೆ ಊರವರು ಸಿದ್ಧಾಂತ ಹೇಳುವುದಿಲ್ಲ. ಎತ್ತು ಕಟ್ಟುವುದಕ್ಕೆ ಜಾಗವೆಲ್ಲಿ, ಬಣವೆ ಒಟ್ಟುವುದೆಲ್ಲಿ, ಹೊಲ ಅಷ್ಟು ದೂರ ಉಳಿದರೆ ರಾತ್ರಿ ಕಾಯುವವರು ಯಾರು, ಹಕ್ಕುಪತ್ರ ಇನ್ನೂ ಯಾಕೆ ಕೈಗೆ ಬಂದಿಲ್ಲ ಎಂದು ಕೇಳುತ್ತಾರೆ. ಒಕ್ಕಲುತನದ ಕುಟುಂಬವೊಂದಕ್ಕೆ ಎರಡು ಕೋಣೆಯ ಮನೆ ಕಟ್ಟಿಕೊಟ್ಟವರು ಆ ಕುಟುಂಬದಲ್ಲಿ ದನಗಳನ್ನು ಎಣಿಸುವುದನ್ನು ಮರೆತಿದ್ದರು.

ಹತ್ತು ವರ್ಷಗಳ ಅನಂತರ, 2019ರ ಆಗಸ್ಟಿನಲ್ಲಿ, ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಅದೇ ಮಲಪ್ರಭಾ ನರಗುಂದ ತಾಲ್ಲೂಕಿನ ಕೊಣ್ಣೂರಿಗೂ ರೋಣ ಸೀಮೆಯ ಹೊಳೆಆಲೂರಿಗೂ ನುಗ್ಗಿದಳು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತು. ಹಳೆಯ ಊರಿನಲ್ಲೇ ಉಳಿದವರು ಮತ್ತೆ ಕಾಳಜಿ ಕೇಂದ್ರಗಳ ಜಮಖಾನೆಯ ಮೇಲೆ ಮಲಗಿದರು. ಆ ಸಲ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಲಾಯಿತು. ಮೊತ್ತ ಕಡಿಮೆಯದೇನಲ್ಲ. ಆದರೆ ಪಕ್ಕಪಕ್ಕದ ಎರಡು ಮನೆಗಳಲ್ಲಿ ಒಂದು ಎ ಆಗಿ ಇನ್ನೊಂದು ಸಿ ಆದಾಗ, ಯಾಕೆ ಎಂಬುದನ್ನು ಊರಿನ ಕಟ್ಟೆಯ ಮೇಲೆ ನಿಂತು ಯಾರೂ ವಿವರಿಸದೆ ಇದ್ದಾಗ, ಕೊಟ್ಟ ಹಣದಿಂದಲೂ ಅಪನಂಬಿಕೆಯೇ ಬೆಳೆಯುತ್ತದೆ. ಪರಿಹಾರದ ಮೊತ್ತವನ್ನು ಏರಿಸುವುದರಲ್ಲಿ ನಮ್ಮ ಎಲ್ಲ ಪಕ್ಷಗಳ ಸರ್ಕಾರಗಳೂ ಉತ್ಸಾಹ ತೋರಿವೆ. ಪಟ್ಟಿ ಹೇಗೆ ಆಯಿತೆಂದು ಗ್ರಾಮಸಭೆಯಲ್ಲಿ ಓದಿ ಹೇಳುವುದರಲ್ಲಿ ಅಷ್ಟು ಉತ್ಸಾಹ ನನಗೆ ಕಂಡಿಲ್ಲ.

ಇನ್ನು ಎಚ್ಚರಿಕೆಯ ಮಾತು. ಕರಾವಳಿ ಜಿಲ್ಲೆಗಳಲ್ಲಿ ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸಿದ ದಿನವೇ ಬಿಸಿಲು ಬಿದ್ದರೆ, ಮಕ್ಕಳ ಹೊರತು ಉಳಿದವರೆಲ್ಲ ನಗುವುದು ವಾಡಿಕೆ. ಈ ನಗೆಗೆ ಹೆದರಿ ಎಚ್ಚರಿಕೆ ತಡೆಹಿಡಿಯುವುದು ಮಾತ್ರ ಅಪಾಯಕಾರಿ. ಇಟಲಿಯ ಲಾಕ್ವಿಲಾ ನಗರದಲ್ಲಿ 2009ರಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳು ಆಗುತ್ತಿದ್ದವು. ಕಂಪನವಾದಾಗ ಮನೆಯಿಂದ ಹೊರಗೆ ಬಂದು ಬಯಲಿನಲ್ಲಿ ರಾತ್ರಿ ಕಳೆಯುವುದು ಆ ಊರಿನ ಹಳೆಯ ರೂಢಿ. ಮಾರ್ಚ್ 31ರಂದು ತಜ್ಞರ ಸಭೆ ಸೇರಿತು. ಗಾಬರಿಪಡುವಂಥದ್ದು ಏನೂ ಇಲ್ಲ ಎಂಬ ಸಮಾಧಾನದ ಮಾತು ಅಧಿಕಾರಿಯೊಬ್ಬರ ಬಾಯಿಂದ ಜನರಿಗೆ ತಲುಪಿತು. ಏಪ್ರಿಲ್ 6ರ ಬೆಳಗಿನ ಜಾವ ದೊಡ್ಡ ಭೂಕಂಪವಾದಾಗ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಮಾತನ್ನು ನಂಬಿ ಆ ರಾತ್ರಿ ಮನೆಯೊಳಗೇ ಉಳಿದವರಿದ್ದರು ಎಂದು ಅವರ ಬಂಧುಗಳು ನ್ಯಾಯಾಲಯದಲ್ಲಿ ಹೇಳಿದರು. ಕೆಳಗಿನ ನ್ಯಾಯಾಲಯ 2012ರಲ್ಲಿ ಆ ತಜ್ಞರಿಗೂ ಆ ಅಧಿಕಾರಿಗೂ ಶಿಕ್ಷೆ ವಿಧಿಸಿತು. 2014ರಲ್ಲಿ ಮೇಲ್ಮನವಿಯಲ್ಲಿ ಆರು ವಿಜ್ಞಾನಿಗಳು ಬಿಡುಗಡೆಯಾದರು, ಒಬ್ಬ ಅಧಿಕಾರಿಯ ಶಿಕ್ಷೆ ಇಳಿಯಿತು. ಭೂಕಂಪವನ್ನು ಮೊದಲೇ ಹೇಳಲು ಯಾರಿಗೂ ಬಾರದು, ಆದ್ದರಿಂದ ವಿಜ್ಞಾನಿಗಳ ಬಿಡುಗಡೆ ನ್ಯಾಯವೇ. ಆದರೆ ತಿಳಿಯದು ಎನ್ನಬೇಕಾದ ಕಡೆ ಏನೂ ಆಗದು ಎಂದು ಹೇಳುವ ಆಡಳಿತ, ತನ್ನನ್ನು ನಂಬದವರಿಗಿಂತ ನಂಬಿದವರಿಗೇ ಹೆಚ್ಚು ಕೇಡು ಮಾಡುತ್ತದೆ.

ಅಪಾಯ ಸಮುದ್ರದಿಂದ ಬಂದಾಗ ಒಂದು ಮಾತಾದರೆ, ಸರ್ಕಾರದ ಕಾಮಗಾರಿಯ ಮಗ್ಗುಲಿನಿಂದಲೇ ಬಂದಾಗ ಇನ್ನೊಂದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಕಡಿದ ಗುಡ್ಡ ಜಾರಿ ಚಹಾ ಅಂಗಡಿಯೊಂದನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ದೂಡಿತು. ಎದ್ದ ಅಲೆ ಎದುರು ದಂಡೆಯ ಉಳುವರೆಯ ಮನೆಗಳಿಗೂ ಬಡಿಯಿತು. ಇಂಥ ಕಡೆ ಜನರಿಗೆ ಎಚ್ಚರಿಕೆ ಕೊಡುವುದಷ್ಟೇ ರಕ್ಷಣೆ ಎನಿಸಿಕೊಳ್ಳಲಾರದು. ಗುಡ್ಡವನ್ನು ಯಾವ ಕೋನದಲ್ಲಿ ಕಡಿದರು, ಮಳೆನೀರಿಗೆ ದಾರಿ ಮಾಡಿದರೇ, ಅದನ್ನು ಪರಿಶೀಲಿಸಿ ಸಹಿ ಹಾಕಿದವರು ಯಾರು ಎಂಬ ಪ್ರಶ್ನೆಗಳು ಮಳೆಗಾಲಕ್ಕೆ ಮೊದಲೇ ಕೇಳಬೇಕಾದವು.

2023ರಲ್ಲಿ ನಮ್ಮೆಲ್ಲರ ಮೊಬೈಲುಗಳು ಒಮ್ಮೆಗೇ ವಿಚಿತ್ರವಾಗಿ ಕೂಗಿಕೊಂಡದ್ದು ನಿಮಗೆ ನೆನಪಿರಬಹುದು. ತುರ್ತು ಸಂದೇಶ ಕಳಿಸುವ ಹೊಸ ವ್ಯವಸ್ಥೆಯ ಪರೀಕ್ಷೆ ಅದು. ಬಸ್ಸಿನಲ್ಲಿ ಕೂತವರೆಲ್ಲ ಬೆಚ್ಚಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಈ ತಂತ್ರವನ್ನು ನಾನು ಸ್ವಾಗತಿಸುತ್ತೇನೆ. ಕರ್ನಾಟಕದಲ್ಲಿ 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಳೆಯ ಲೆಕ್ಕ ತೆಗೆಯುತ್ತದೆ, ಅದೂ ಸಣ್ಣ ಸಾಧನೆಯಲ್ಲ. ಆದರೆ ಮೊಬೈಲು ಕೂಗಿದ ಮೇಲೆ ಎಲ್ಲಿಗೆ ಹೋಗಬೇಕು, ದನ ಎಲ್ಲಿ ಕಟ್ಟಬೇಕು, ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿಕೊಂಡು ಹೋಗಲು ಯಾವ ವಾಹನ ಬರುತ್ತದೆ ಎಂಬುದು ಆ ಸಂದೇಶದಲ್ಲಿ ಹಿಡಿಸುವಂಥದ್ದಲ್ಲ. ಅದು ಊರಿಗೆ ಮೊದಲೇ ಗೊತ್ತಿರಬೇಕು.

2005ರ ಕಾನೂನಿನ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಯೋಜನೆ ಇರಬೇಕು. ಅದನ್ನು ರೂಪಿಸುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಆ ಯೋಜನೆಯಲ್ಲಿ ನಿಮ್ಮ ಊರಿನ ಹೆಸರಿದೆಯೇ, ನಿಮಗೆ ಗೊತ್ತುಮಾಡಿದ ಕಾಳಜಿ ಕೇಂದ್ರ ಯಾವ ಶಾಲೆ, ಅದರ ಬೀಗದ ಕೈ ರಾತ್ರಿ ಹೊತ್ತು ಯಾರ ಬಳಿ ಇರುತ್ತದೆ ಎಂಬ ಮೂರು ವಿಷಯಗಳನ್ನು, ಮುಂದಿನ ಮುಂಗಾರಿಗೆ ಮೊದಲು ನಡೆಯುವ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನೂ ಗ್ರಾಮ ಆಡಳಿತಾಧಿಕಾರಿಗಳನ್ನೂ ಎದುರಿಗೆ ಕೂರಿಸಿಕೊಂಡು ಕೇಳಿ, ಅವರು ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಕೇಳುಗರಾದ ನಿಮ್ಮಿಂದ ಆಗುವ ಕೆಲಸ.

ನಮಸ್ಕಾರ.