ಎದುರಿಗೆ ಒಬ್ಬರು ಕೂರಲೇಬೇಕಾದ ಆಟ

ನಮಸ್ಕಾರ. ಮೇಜಿನ ಮೇಲೆ ಕಾಣುತ್ತಿರುವ ಈ ಚದುರಂಗದ ಮಣೆ ನಮ್ಮ ದೊಡ್ಡಪ್ಪನದು. ಬಿಳಿ ಆನೆಯೊಂದರ ತಲೆ ಮುಕ್ಕಾಗಿದೆ, ಹಾಗೆಯೇ ಇಟ್ಟುಕೊಂಡಿದ್ದೇನೆ. ಬೆಳಗಿನಿಂದ ಇದರ ಮೇಲೆ ಒಂದೇ ಆಟವನ್ನು ಮತ್ತೆ ಮತ್ತೆ ಆಡಿ ನೋಡುತ್ತಿದ್ದೇನೆ. 1907ರಲ್ಲಿ, ಇಂದಿನ ಪೋಲೆಂಡಿನ ವೂಜ್ ನಗರದಲ್ಲಿ ನಡೆದ ಆಟ. ಬಿಳಿ ಕಾಯಿ ರೋಟ್ಲೆವಿ ಅವರದು, ಕಪ್ಪು ಕಾಯಿ ಆಕಿಬಾ ರೂಬಿನ್‌ಸ್ಟೈನ್ ಅವರದು.

ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತರುತ್ತೇನೆ. 22ನೆಯ ನಡೆ. ಕಪ್ಪು ರಾಣಿಯನ್ನು ಹೊಡೆಯಲು ಬಿಳಿ ಪದಾತಿಯೊಂದು ಈಗಷ್ಟೇ ಮುಂದೆ ಬಂದಿದೆ. ನಾವಾಗಿದ್ದರೆ ಮೊದಲು ರಾಣಿಯನ್ನು ಉಳಿಸಿಕೊಳ್ಳಲು ನೋಡುತ್ತಿದ್ದೆವು. ರೂಬಿನ್‌ಸ್ಟೈನ್ ರಾಣಿಯನ್ನು ಅಲ್ಲಿಯೇ ಬಿಟ್ಟು, ಆನೆಯಿಂದ ಬಿಳಿಯ ಕುದುರೆಯನ್ನು ಹೊಡೆಯುತ್ತಾರೆ. ರಾಣಿ ಹೋಯಿತು. ಮರುನಡೆಯಲ್ಲೇ ಇನ್ನೊಂದು ಆನೆಯನ್ನು ಬಿಳಿ ರಾಣಿಯ ಬಾಯಿಗೆ ಇಡುತ್ತಾರೆ. ಅದೂ ಹೋಯಿತು. ಈಗ ಒಂಟೆ ಚೆಕ್ ಕೊಡುತ್ತದೆ, ಬಿಳಿ ರಾಣಿ ಅಡ್ಡ ಬರುತ್ತದೆ. ಆಮೇಲೆ 25ನೆಯ ನಡೆ: ಉಳಿದ ಆನೆ ಪಕ್ಕಕ್ಕೆ ಸರಿದು ಎಚ್3 ಮನೆಯಲ್ಲಿ ನಿಲ್ಲುತ್ತದೆ. ಚೆಕ್ ಇಲ್ಲ, ಹೊಡೆತವಿಲ್ಲ. ಬಿಳಿಯ ಬಳಿ ಇನ್ನೂ ರಾಣಿಯಿದೆ, ಎರಡೂ ಆನೆಗಳಿವೆ. ಆದರೆ ಬಿಳಿ ರಾಜನ ಮುಂದಿನ ಎಚ್2 ಮನೆಯಲ್ಲಿ ಬರಲಿರುವ ಚೆಕ್‌ಮೇಟ್ ತಪ್ಪಿಸಬಲ್ಲ ಕಾಯಿ ಒಂದೂ ಇಲ್ಲ. ರೋಟ್ಲೆವಿ ಅಲ್ಲಿಗೇ ಸೋಲೊಪ್ಪಿಕೊಂಡರು.

ಈ ನಡೆಯನ್ನು ಆಡಿದಾಗಲೆಲ್ಲ ನನ್ನ ಬೆರಳು ಆ ಆನೆಯ ಮೇಲೆ ಒಂದು ಕ್ಷಣ ಹೆಚ್ಚು ಹೊತ್ತು ನಿಲ್ಲುತ್ತದೆ.

ರೂಬಿನ್‌ಸ್ಟೈನ್ ಹುಟ್ಟಿದ್ದು 1880ರಲ್ಲಿ, ಸ್ತಾವಿಸ್ಕಿ ಎಂಬ ಪುಟ್ಟ ಊರಿನ ಯಹೂದಿ ಮನೆಯಲ್ಲಿ. 12 ಮಕ್ಕಳಲ್ಲಿ ಒಬ್ಬರಾಗಿ. ಆಗ ಪೋಲೆಂಡ್ ಎಂಬ ದೇಶ ಭೂಪಟದಲ್ಲಿ ಇರಲಿಲ್ಲ, ಆ ಸೀಮೆ ರಷ್ಯಾದ ಆಳ್ವಿಕೆಯಲ್ಲಿತ್ತು. ಹುಡುಗ ಧರ್ಮಗುರುವಾಗಲಿ ಎಂಬುದು ಮನೆಯವರ ಆಸೆ. ಅವರು ಚದುರಂಗ ಕಲಿತದ್ದೇ ಹದಿಹರೆಯದಲ್ಲಿ. ಇಂದಿನ ಆಟಗಾರರು ಐದಾರು ವರ್ಷಕ್ಕೇ ಮಣೆಯ ಮುಂದೆ ಕೂರುವುದನ್ನು ಕಂಡವರಿಗೆ ಇದು ನಂಬಲಾಗದ ಮಾತು. ಧರ್ಮಶಾಸ್ತ್ರದ ಓದು ಬಿಟ್ಟು, ಬಟ್ಟೆ ಗಿರಣಿಗಳ ಊರಾದ ವೂಜ್‌ಗೆ ಹೋದರು. ಅಲ್ಲಿನ ಪ್ರಬಲ ಆಟಗಾರ ಸಾಲ್ವೆ ಅವರೊಂದಿಗೆ ಆಡಿ ಆಡಿ ಪಳಗಿದರು.

ಮುಂದಿನದು ಬೇಗ ಬೇಗ ನಡೆಯಿತು. 1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಲಾಸ್ಕರ್ ಅವರನ್ನೇ ಸೋಲಿಸಿ, ಅವರೊಂದಿಗೆ ಮೊದಲ ಸ್ಥಾನ ಹಂಚಿಕೊಂಡರು. 1911ರಲ್ಲಿ ಸಾನ್ ಸೆಬಾಸ್ಟಿಯನ್ ಟೂರ್ನಿಯನ್ನು ಗೆದ್ದದ್ದು ಮುಂದೆ ವಿಶ್ವ ಚಾಂಪಿಯನ್ ಆದ ಕಾಪಾಬ್ಲಾಂಕಾ. ಅಲ್ಲಿ ಅವರನ್ನು ಸೋಲಿಸಿದ್ದು ರೂಬಿನ್‌ಸ್ಟೈನ್ ಒಬ್ಬರೇ. 1912ರ ಒಂದೇ ವರ್ಷದಲ್ಲಿ ಐದು ಟೂರ್ನಿಗಳಲ್ಲಿ ಮೊದಲ ಸ್ಥಾನ, ಅದರಲ್ಲಿ ಒಂದು ಮಾತ್ರ ಹಂಚಿಕೊಂಡದ್ದು.

ಆನೆಗಳ ಮಾತಿಗೆ ಮತ್ತೆ ಬರುತ್ತೇನೆ. ರಾಣಿ, ಕುದುರೆ, ಒಂಟೆ ಎಲ್ಲ ಮಣೆಯಿಂದ ಇಳಿದ ಮೇಲೆ, ಆನೆ ಮತ್ತು ಪದಾತಿಗಳಷ್ಟೇ ಉಳಿಯುವ ಕೊನೆಯ ಹಂತ ಇದೆಯಲ್ಲ, ಅಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ನಮ್ಮಂಥವರು ಡ್ರಾ ಎಂದು ಕೈ ಕುಲುಕಿ ಏಳುವಲ್ಲಿ ಅವರ ಕೆಲಸ ಶುರುವಾಗುತ್ತಿತ್ತು. 1909ರಲ್ಲಿ ಸ್ಪೀಲ್ಮನ್ ವಿರುದ್ಧ ಆಡಿದ ಆಟ ನೋಡಿ. ಅವಸರವೇ ಇಲ್ಲ. ರಾಜನನ್ನು ಒಂದೊಂದೇ ಮನೆ ದಾಟಿಸಿ ಮಣೆಯ ನಡುವಿಗೆ ತಂದು ಗೆದ್ದರು. ದೇವತೆಗಳು ಸಾವಿರ ವರ್ಷಗಳ ಹಿಂದೆ ಶುರು ಮಾಡಿದ ಆಟವೊಂದರ ಆನೆಗಳ ಕೊನೆಯ ಹಂತವೇ ರೂಬಿನ್‌ಸ್ಟೈನ್ ಎಂದು ಅವರ ಕಾಲದ ಆಟಗಾರ ತಾರ್ತಾಕೋವರ್ ಹೇಳಿದ್ದರು. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಆಟಗಾರನೊಬ್ಬ ಇನ್ನೊಬ್ಬನಿಗೆ ಕೊಟ್ಟದ್ದನ್ನು ನಾನು ಕೇಳಿಲ್ಲ.

ಲಾಸ್ಕರ್ ಜೊತೆ ವಿಶ್ವಪಟ್ಟದ ಪಂದ್ಯದ ಮಾತು ನಡೆದಿತ್ತು. ಆದರೆ 1914ರ ಸೇಂಟ್ ಪೀಟರ್ಸ್‌ಬರ್ಗ್ ಟೂರ್ನಿಯಲ್ಲಿ ರೂಬಿನ್‌ಸ್ಟೈನ್ ಅಂತಿಮ ಸುತ್ತಿಗೂ ಬರಲಿಲ್ಲ. ಬೇಸಗೆ ಕಳೆಯುವ ಮೊದಲೇ ಮಹಾಯುದ್ಧ ಹೊತ್ತಿಕೊಂಡಿತು. ಯುದ್ಧದ ನಂತರ ಚಾಂಪಿಯನ್ ಆದ ಕಾಪಾಬ್ಲಾಂಕಾಗೆ ಸವಾಲು ಹಾಕಬೇಕಾದರೆ 10,000 ಡಾಲರ್ ಹೊಂದಿಸಬೇಕಿತ್ತು. ಅಷ್ಟು ಹಣ ಅವರಿಗೆ ಹುಟ್ಟಲಿಲ್ಲ. ಇಲ್ಲಿಗೆ ಬಂದು ಎಲ್ಲರೂ ಅವರನ್ನು ಪಟ್ಟವಿಲ್ಲದ ರಾಜ ಎಂದು ಕರೆದು ಕಥೆ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಯಾಕೆಂದರೆ ಅವರ ನಿಜವಾದ ಹೋರಾಟ ಬೇರೆ ಇತ್ತು. ವರ್ಷಗಳು ಕಳೆದಂತೆ ಅವರಿಗೆ ಮನುಷ್ಯರ ಭಯ ಹೆಚ್ಚುತ್ತಾ ಹೋಯಿತು. ತಮ್ಮ ನಡೆ ಆಡಿದ ಕೂಡಲೇ ಎದ್ದು ಸಭಾಂಗಣದ ಮೂಲೆಗೆ ಹೋಗಿ ನಿಲ್ಲುತ್ತಿದ್ದರು. ತಮ್ಮ ಸರದಿ ಬಂದಾಗಲೇ ಮೇಜಿನ ಬಳಿ ಬರುತ್ತಿದ್ದರು. ಯೋಚಿಸಿ, ಎದುರಿಗೆ ಒಬ್ಬ ಮನುಷ್ಯ ಕೂರದೆ ಈ ಆಟವೇ ಇಲ್ಲ. ಒಂದೂವರೆ ಅಡಿ ಮಣೆ, ಆಚೆ ಬದಿಯಲ್ಲಿ ಒಂದು ಮುಖ, ಗಂಟೆಗಟ್ಟಲೆ.

ಆ ಸ್ಥಿತಿಯಲ್ಲೇ 1930ರಲ್ಲಿ, ದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್‌ಗೆಂದು ಹ್ಯಾಂಬರ್ಗ್‌ಗೆ ಬಂದರು. ಆ ವೇಳೆಗೆ ಪೋಲೆಂಡ್ ಸ್ವತಂತ್ರವಾಗಿತ್ತು. ಅವರ ವಾಸ ಬೆಲ್ಜಿಯಂನಲ್ಲಿತ್ತು. ವಯಸ್ಸು ಐವತ್ತರ ಹತ್ತಿರ. ಪೋಲೆಂಡಿನ ಮೊದಲ ಮಣೆಯಲ್ಲಿ, ಅಂದರೆ ಸಾಮಾನ್ಯವಾಗಿ ಪ್ರತಿ ದೇಶದ ಅತಿ ಬಲಿಷ್ಠ ಆಟಗಾರ ಕೂರುವ ಜಾಗದಲ್ಲಿ, 17 ಆಟ ಆಡಿದರು. 13 ಗೆಲುವು, 4 ಡ್ರಾ, ಸೋಲು ಒಂದೂ ಇಲ್ಲ. ಪೋಲೆಂಡಿಗೆ ಚಿನ್ನ ಬಂತು. ಒಲಿಂಪಿಯಾಡ್‌ನಲ್ಲಿ ಗಂಡು ಹೆಣ್ಣೆನ್ನದೆ ಯಾರೂ ಆಡಬಹುದಾದ ಮುಕ್ತ ವಿಭಾಗದಲ್ಲಿ ಆ ದೇಶ ಗೆದ್ದ ಚಿನ್ನ ಅದೊಂದೇ. ನನ್ನ ಲೆಕ್ಕದಲ್ಲಿ ಅವರ ಪಟ್ಟಾಭಿಷೇಕ ನಡೆದದ್ದು ಅಲ್ಲಿ.

ಆ ಚಿನ್ನದ ತಂಡದಲ್ಲಿದ್ದ ದಾವಿದ್ ಪ್ಶೆಪ್ಯುರ್ಕಾ ಅವರನ್ನು ನಾಜಿಗಳು 1940ರಲ್ಲಿ ವಾರ್ಸಾ ಹತ್ತಿರದ ಪಾಲ್ಮಿರಿಯಲ್ಲಿ ಕೊಂದರು. ರೂಬಿನ್‌ಸ್ಟೈನ್ ಆಟ ನಿಲ್ಲಿಸಿ ಆಗಲೇ ವರ್ಷಗಳಾಗಿದ್ದವು. ಯುದ್ಧಕಾಲವನ್ನು ಬ್ರಸೆಲ್ಸ್‌ನ ಆರೋಗ್ಯಧಾಮವೊಂದರಲ್ಲಿ ಕಳೆದು ಜೀವ ಉಳಿಸಿಕೊಂಡರು. 1950ರಲ್ಲಿ ವಿಶ್ವ ಚೆಸ್ ಸಂಸ್ಥೆ ಮೊದಲ ಬಾರಿಗೆ 27 ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ ಅವರ ಹೆಸರೂ ಇತ್ತು. ಅವರು ತೀರಿಕೊಂಡದ್ದು 1961ರಲ್ಲಿ, ಆಂಟ್‌ವರ್ಪ್‌ನಲ್ಲಿ.

ಹ್ಯಾಂಬರ್ಗ್‌ನ ಆ 17 ಆಟಗಳನ್ನು ಒಂದೊಂದಾಗಿ ಈ ಮಣೆಯ ಮೇಲೆ ಆಡಲು ಶುರು ಮಾಡಿದ್ದೇನೆ. ಮೊದಲನೆಯದನ್ನು ಮುಂದಿನ ವಾರ ತೋರಿಸುತ್ತೇನೆ. ಮನೆಯಲ್ಲಿ ಮಣೆ ಇದ್ದವರು ಕಾಯಿ ಜೋಡಿಸಿಟ್ಟುಕೊಂಡಿರಿ. ಎದುರಿಗೆ ಯಾರನ್ನಾದರೂ ಕೂರಿಸಿಕೊಳ್ಳಿ.