ಕ್ಯಾಮೆರಾದ ಹಣೆಗೆ ಕೈ ಅಡ್ಡ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೊಪ್ಪಳದ ಕಡೆ ಹೊಲದಲ್ಲಿ ನಿಂತವರು ದೂರದ ಬದುವಿನ ಮೇಲೆ ಬರುವವರು ಯಾರೆಂದು ನೋಡಬೇಕಾದರೆ ಮೊದಲು ಹಣೆಗೆ ಕೈ ಅಡ್ಡ ಹಿಡಿಯುತ್ತಾರೆ. ಹುಬ್ಬಿನ ಮೇಲೊಂದು ನೆರಳು ಮಾಡಿಕೊಂಡು, ಆಮೇಲೆ "ಯಾರವ್ರು?" ಅಂತ ಕೂಗುತ್ತಾರೆ. ಕ್ಯಾಮೆರಾದ ಲೆನ್ಸಿನ ಮುಂದೆ ಹಾಕುವ ಗಿಡ್ಡ ಕೊಳವೆ, ಹುಡ್, ಎಂದರೆ ಆ ಅಡ್ಡ ಹಿಡಿದ ಕೈ. ಇಷ್ಟು ಸಣ್ಣ ವಸ್ತುವಿನ ಬಗ್ಗೆ ರೇಡಿಯೋದಲ್ಲಿ ಹೇಳುವುದೇನಿದೆ ಎಂದು ಮನೆಯವರೂ ಕೇಳಿದರು. ಎಲ್ಲ ಕ್ಯಾಮೆರಾಗಳ ಮಾತಾಗಿದ್ದರೆ ಹೆಚ್ಚೇನೂ ಇರುತ್ತಿರಲಿಲ್ಲ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಮಾತ್ರ ಈ ಕೈ ಲೆನ್ಸಿಗೆ ನೆರಳು ಕೊಡುತ್ತಲೇ ನಿಮ್ಮ ಕಣ್ಣಿಗೂ ಅಡ್ಡ ಬರುತ್ತದೆ. ಅಲ್ಲಿಂದ ಶುರುವಾಗುತ್ತದೆ ಪೇಚಾಟ.

ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೊಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬಿಂಬವನ್ನೇ ಅದು ಕಣ್ಣಿಗೆ ತಿರುಗಿಸಿ ಕೊಡುತ್ತದೆ. ರೇಂಜ್‌ಫೈಂಡರಿನಲ್ಲಿ ಆ ಕನ್ನಡಿ ಇಲ್ಲ. ಲೆನ್ಸು ತನ್ನ ಪಾಡಿಗೆ ತಾನು ನೋಡುತ್ತದೆ, ನೀವು ಮೇಲೆ ಎಡಗಡೆಯ ಕಿರುಕಿಟಕಿಯಿಂದ ನಿಮ್ಮ ಪಾಡಿಗೆ ನೋಡುತ್ತೀರಿ. ಕಿಟಕಿಯ ನಡುವೆ ಒಂದು ಸಣ್ಣ ಮಚ್ಚೆ; ಅದರಲ್ಲಿ ಎರಡೆರಡಾಗಿ ಕಾಣುವ ಬಿಂಬವನ್ನು ಲೆನ್ಸಿನ ಉಂಗುರ ತಿರುಗಿಸಿ ಒಂದು ಮಾಡಿದರೆ ಫೋಕಸ್ ಆಯಿತು. 1954ರಲ್ಲಿ ಬಂದ ಲೈಕಾ ಎಂ3 ಈ ಜಾತಿಯ ದೊಡ್ಡ ಹೆಸರು. ನಮ್ಮಂಥವರ ಕೈಗೆ ಸಿಕ್ಕಿದ್ದು ಯಾಶಿಕಾ ಎಲೆಕ್ಟ್ರೋ 35, ಕ್ಯಾನನೆಟ್, ಸೋವಿಯತ್ ದೇಶದ ಜೋರ್ಕಿ, ಫೆಡ್. ನನ್ನದು ಕ್ಯಾನನೆಟ್ ಕ್ಯೂಎಲ್17 ಜಿ3, 40 ಎಂಎಂ ಲೆನ್ಸಿನದು (ಈ ಎಂಎಂ ಲೆನ್ಸಿನ ನಾಭಿದೂರ; ಅದು ಕಡಿಮೆಯಾದಷ್ಟೂ ಲೆನ್ಸಿನ ನೋಟ ಅಗಲ). ನನ್ನ ಸೋದರಮಾವ ಕುವೈತಿನಿಂದ ತಂದು, ನಾನು ಡ್ರಾಯಿಂಗ್ ಮಾಸ್ತರನಾಗಿ ಕೆಲಸಕ್ಕೆ ಸೇರಿದ ದಿನ ಕೊರಳಿಗೆ ಹಾಕಿದ್ದು. ಹುಡ್ ಮಾತ್ರ ತಂದಿರಲಿಲ್ಲ.

ಅದರ ಬೆಲೆ ಗೊತ್ತಾದದ್ದು ಇಟಗಿಯಲ್ಲಿ. ಕುಕನೂರಿನ ಹತ್ತಿರದ ಇಟಗಿಯ ಮಹಾದೇವ ದೇವಾಲಯ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ 1112ರಲ್ಲಿ ಕಟ್ಟಿಸಿದ್ದು, ಅಲ್ಲಿಯ ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದದ್ದು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ನಾನು ಹೋದದ್ದು ಸಂಜೆ ನಾಲ್ಕೂವರೆಗೆ. ಅಂದರೆ ಗುಡಿಯ ಮುಂದೆ ನಿಂತರೆ ಸೂರ್ಯ ಶಿಖರದ ಹಿಂದೆ, ಸ್ವಲ್ಪ ಮೇಲೆ. ಕಿರುಕಿಟಕಿಯಲ್ಲಿ ನೋಡಿದರೆ ಎಲ್ಲ ಚೊಕ್ಕ: ಕಡೆದ ಕಂಬಗಳು, ಕಂಬದ ಮೇಲಿನ ಹೊಳಪು, ನೀಲಿ ಆಕಾಶ. ಇಡೀ ರೋಲು, 36 ಫೋಟೊ, ಹೊಡೆದು ಮುಗಿಸಿದೆ. ತೊಳೆಸಿ ತಂದಾಗ ಅರ್ಧದಷ್ಟು ಚಿತ್ರಗಳ ಮೇಲೆ ಮಜ್ಜಿಗೆ ಚೆಲ್ಲಿದಂತಿತ್ತು. ಕಪ್ಪು ಕಪ್ಪಾಗಿರಲಿಲ್ಲ, ಕಂಬಗಳೆಲ್ಲ ಮಂಜಿನಲ್ಲಿ ನಿಂತಂತೆ. ಎರಡು ಫೋಟೊಗಳಲ್ಲಿ ಗುಡಿಯ ಬಾಗಿಲಿಗೆ ಅಡ್ಡವಾಗಿ ಬೆಳಕಿನ ಬಿಲ್ಲೆಗಳು. ತೊಳೆದವನ ಮೇಲೆ ರೇಗಿ ಬಂದೆ. ಅವನ ತಪ್ಪೇನೂ ಇರಲಿಲ್ಲ, ಪಾಪ.

ಆದದ್ದಿಷ್ಟು. ಸೂರ್ಯ ಚಿತ್ರದ ಚೌಕಟ್ಟಿನ ಹೊರಗಿದ್ದ, ಆದರೆ ಅವನ ಬೆಳಕು ಲೆನ್ಸಿನ ಮುಂಗಾಜಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ಗಾಳಿ ಮತ್ತು ಗಾಜು ಸೇರುವ ಪ್ರತಿ ಮೇಲ್ಮೈಯಲ್ಲಿ, ಲೇಪನವಿಲ್ಲದ ಗಾಜಾದರೆ, ಬೆಳಕಿನ ಸುಮಾರು ಶೇ. 4 ಭಾಗ ಹಿಂದಕ್ಕೆ ಪುಟಿಯುತ್ತದೆ. ಲೆನ್ಸಿನೊಳಗೆ ಅಂಥ ಮೇಲ್ಮೈ ಒಂದೆರಡಲ್ಲ. ನನ್ನ ಕ್ಯಾನನೆಟ್ಟಿನಲ್ಲಿ ಎಂಟಿವೆ. ಒಂದರಿಂದ ಪುಟಿದದ್ದು ಇನ್ನೊಂದಕ್ಕೆ ಬಡಿದು, ಕೊನೆಗೆ ದಿಕ್ಕು ತಪ್ಪಿದ ಬೆಳಕೆಲ್ಲ ಫಿಲ್ಮಿನ ಮೇಲೆ ಹರಡುತ್ತದೆ. ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಗಾಜಿಗೆ ತೆಳು ಲೇಪನ ಹಾಕುವ ಉಪಾಯ ಕಂಡುಹಿಡಿದ ಮೇಲೆ ಈ ಕಾಟ ಬಹಳ ತಗ್ಗಿತು. ತಗ್ಗಿತು ಅಷ್ಟೇ, ನಮ್ಮ ಬಿಸಿಲಿಗೆ ಅದು ಸಾಲದು. ಬರಿಬಂಡೆಯ ಗುಡ್ಡ, ಸುಣ್ಣ ಬಳಿದ ಗೋಡೆ, ಮೇಲೆ ಬಿಳಿಚಿದ ಆಕಾಶ. ಬೆಳಕು ಮೇಲಿನಿಂದಷ್ಟೇ ಬರುವುದಿಲ್ಲ, ನೆಲದಿಂದಲೂ ಏಳುತ್ತದೆ. ಎಸ್‌ಎಲ್‌ಆರ್ ಇದ್ದಿದ್ದರೆ ಆ ಮಜ್ಜಿಗೆ ಅಲ್ಲಿಯೇ ಕಾಣುತ್ತಿತ್ತು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದೆ. ರೇಂಜ್‌ಫೈಂಡರಿನ ಕಿಟಕಿ ಅದನ್ನು ತೋರಿಸುವುದೇ ಇಲ್ಲ. ಅದಕ್ಕೇ ಬೇರೆ ಯಾವ ಕ್ಯಾಮೆರಾಕ್ಕಿಂತ ಇದಕ್ಕೆ ಹುಡ್ ಹೆಚ್ಚು ಬೇಕು ಅನ್ನುವವನು ನಾನು. ಸೂರ್ಯನೇ ಚಿತ್ರದೊಳಗಿದ್ದರೆ ಯಾವ ಹುಡ್ಡೂ ಏನೂ ಮಾಡದು, ಅದು ಬೇರೆ ಮಾತು.

ಸರಿ, ಹುಡ್ ಬೇಕು. ಎಂಥದು?

ಗಂಗಾವತಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಅವನದು ಜೋರ್ಕಿ 4. ಅದಕ್ಕೆ ಎರಡು ಲೆನ್ಸ್: 50 ಎಂಎಂನ ಜುಪಿಟರ್ 8, ಮತ್ತು 35 ಎಂಎಂನ ಜುಪಿಟರ್ 12. ಎರಡರ ಬಾಯಿಯ ಮರೆಯೂ, ಅಂದರೆ ಹುಡ್ ತಿರುಗಿಸಿ ಕೂಡಿಸುವ ಸ್ಕ್ರೂ ಸುತ್ತೂ, 40.5 ಮಿಲಿಮೀಟರ್. ಒಂದು ಹುಡ್ ಕೊಂಡ, "ಎರಡಕ್ಕೂ ಕೂಡ್ತದ, ರೊಕ್ಕ ಉಳೀತು" ಅಂತ ಖುಷಿಪಟ್ಟ. 50ಕ್ಕೆ ಅದು ಚೆನ್ನಾಗಿಯೇ ಇತ್ತು. 35ಕ್ಕೆ ಹಾಕಿ ಆನೆಗೊಂದಿಯ ಬಂಡೆಗಳನ್ನು ಹೊಡೆದುಕೊಂಡು ಬಂದ. ಪ್ರತಿ ಫೋಟೊದ ನಾಲ್ಕೂ ಮೂಲೆ ಕಪ್ಪು. ನೀರಿನ ಪೈಪಿನೊಳಗಿಂದ ಇಣುಕಿದಂತೆ.

ಬಾಯಿಗೆ ಕೂತಿತು ಎಂದರೆ ಲೆನ್ಸಿಗೆ ಒಪ್ಪಿತು ಎಂದು ತಿಳಿಯಬಾರದು. ಲೆನ್ಸು ಎಷ್ಟು ಅಗಲ ನೋಡುತ್ತದೆ ಅನ್ನುವುದು ಮೊದಲು. 35 ಎಂಎಂ ಫಿಲ್ಮಿನ ಕ್ಯಾಮೆರಾದಲ್ಲಿ 50ರ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿ ನೋಡುತ್ತದೆ. 35ರದು 63, 28ರದು 75. 90ರದು ಬರೀ 27. ನೋಟ ಅಗಲವಾದಷ್ಟೂ ಹುಡ್ ಗಿಡ್ಡವಾಗಿ, ಬಾಯಿ ಬಿಟ್ಟುಕೊಂಡಿರಬೇಕು; 90ಕ್ಕೆ ಉದ್ದನೆಯ ಕೊಳವೆಯೇ ಬೇಕು. ಒಂದೇ ಹುಡ್ಡಿನಲ್ಲಿ 35 ಮತ್ತು 50 ಎರಡನ್ನೂ ನಡೆಸುವುದಾದರೆ ಅದನ್ನು 35ರ ಅಳತೆಗೆ ಮಾಡಿರಬೇಕು. ಲೈಕಾದವರೇ ಎರಡಕ್ಕೂ ಒಂದು ಎಂದು ಹುಡ್ ಮಾಡಿದ್ದುಂಟು. ಆಗ 50ಕ್ಕೆ ನೆರಳು ಸ್ವಲ್ಪ ಕಡಿಮೆ ಬೀಳುತ್ತದೆ, ಬೀಳಲಿ. ಕಡಿಮೆ ನೆರಳಿನ ಚಿತ್ರ ಉಪಯೋಗಕ್ಕೆ ಬರುತ್ತದೆ, ಮೂಲೆ ಕತ್ತರಿಸಿದ್ದು ಬರುವುದಿಲ್ಲ. ಇನ್ನು ಆ ಜುಪಿಟರ್ 12ರ ಮುಂಗಾಜು ತನ್ನ ಕೊಳವೆಯೊಳಗೆ ಆಳದಲ್ಲಿ ಕೂತಿರುತ್ತದೆ, ಬಾವಿಯೊಳಗಿನ ನೀರಿನಂತೆ. ಅದಕ್ಕೆ ಹುಡ್ಡಿನ ಅಗತ್ಯವೇ ಅಷ್ಟಕ್ಕಷ್ಟೆ. ನನ್ನ ಗೆಳೆಯ ಬೇಡವಾದ ಲೆನ್ಸಿಗೆ ಹುಡ್ ಹಾಕಿ ಕೆಡಿಸಿಕೊಂಡ.

ಮೂಲೆ ಕತ್ತರಿಸುತ್ತದೋ ಇಲ್ಲವೋ ಎಂದು ಒಂದು ರೋಲು ಕೆಡಿಸದೆಯೇ ತಿಳಿಯಬಹುದು. ನಾನು ಡ್ರಾಯಿಂಗ್ ಮಾಸ್ತರ, ಮನೆಯಲ್ಲಿ ಟ್ರೇಸಿಂಗ್ ಪೇಪರಿಗೆ ಬರವಿಲ್ಲ. ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲದಾಗ ಹಿಂಬಾಗಿಲು ತೆಗೆಯಿರಿ. ಫಿಲ್ಮ್ ಕೂಡುವ ಜಾಗಕ್ಕೆ ಸರಿಯಾಗಿ ಒಂದು ತುಂಡು ಟ್ರೇಸಿಂಗ್ ಪೇಪರ್ ಅಂಟಿಸಿ. ಶಟರನ್ನು 'ಬಿ'ಗೆ, ಅಂದರೆ ಒತ್ತಿದಷ್ಟು ಹೊತ್ತು ತೆರೆದೇ ಇರುವ ಗುರುತಿಗೆ, ಇಟ್ಟು ಗುಂಡಿ ಒತ್ತಿ ಹಿಡಿಯಿರಿ, ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆಯಿರಿ, ಫೋಕಸನ್ನು ಅನಂತಕ್ಕೆ ಇಡಿ. ತಲೆಯ ಮೇಲೊಂದು ಕರಿ ಬಟ್ಟೆ ಹೊದ್ದು, ಬಿಸಿಲು ಬಿದ್ದ ಬಿಳಿ ಗೋಡೆಯ ಕಡೆ ಹಿಡಿದರೆ ಕಾಗದದ ಮೇಲೆ ಚಿತ್ರ ತಲೆಕೆಳಗಾಗಿ ಮೂಡುತ್ತದೆ. ಈಗ ಹುಡ್ ಹಾಕಿ ನೋಡಿ, ತೆಗೆದು ನೋಡಿ. ಮೂಲೆ ಮಸುಕಾದರೆ ತಿಳಿಯುತ್ತದೆ. ಆ ಕಿಂಡಿಯನ್ನು ಎಫ್ 8ಕ್ಕೋ 11ಕ್ಕೋ ಕಿರಿದು ಮಾಡಿ ಮತ್ತೊಮ್ಮೆ ನೋಡಿ; ಅಗಲ ತೆರೆದಾಗ ಮಬ್ಬಾಗಿದ್ದ ಕತ್ತರಿಸಿದ ಅಂಚು ಕಿರಿದಾದಾಗ ಗೆರೆ ಎಳೆದಂತೆ ಕಾಣುತ್ತದೆ. ಹಳದಿಯೋ ಯುವಿಯೋ ಫಿಲ್ಟರ್ ಹಾಕುವ ಅಭ್ಯಾಸವಿದ್ದರೆ ಅದನ್ನು ಹಾಕಿಕೊಂಡೇ ಪರೀಕ್ಷೆ ಮಾಡಿ. ದಪ್ಪ ಫಿಲ್ಟರ್ ಹುಡ್ಡನ್ನು ನಾಲ್ಕೈದು ಮಿಲಿಮೀಟರ್ ಮುಂದಕ್ಕೆ ತಳ್ಳುತ್ತದೆ, ಅಷ್ಟೇ ಸಾಕು ಮೂಲೆ ಹೋಗಲಿಕ್ಕೆ.

ಇನ್ನು ಕಣ್ಣಿನ ಪಾಡು. ನಮ್ಮ ಗವಿಸಿದ್ಧೇಶ್ವರ ಜಾತ್ರೆಯನ್ನು ಕೇಳದವರಿಲ್ಲ. ಪುಷ್ಯ ಮಾಸದಲ್ಲಿ ತೇರು ಎಳೆಯುವಾಗ ಎಲ್ಲಿ ನೋಡಿದರೂ ತಲೆಗಳೇ. ಇಟಗಿಯ ಪೆಟ್ಟಿನ ಮೇಲೆ ನಾನೊಂದು ಉದ್ದನೆಯ, ಗಟ್ಟಿಮುಟ್ಟಾದ ಹುಡ್ ಹಾಕಿಕೊಂಡು ಹೋಗಿದ್ದೆ. ಮಹಾದಾಸೋಹದ ಪಂಕ್ತಿಯಲ್ಲಿ ಕೂತ ಅಜ್ಜಿಯೊಬ್ಬರು ರೊಟ್ಟಿ ಮುರಿಯುತ್ತಿದ್ದರು, ಹೊಡೆದೆ. ಚಿತ್ರ ಬಂದಾಗ ಅಜ್ಜಿ ಚೆನ್ನಾಗಿದ್ದರು. ಕೆಳಗೆ ಬಲಮೂಲೆಯಲ್ಲಿ ಒಬ್ಬ ಹುಡುಗ ಇಡೀ ಮಿರ್ಚಿಯನ್ನು ಬಾಯಿಗೆ ತುರುಕಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ! ನಾನು ಹೊಡೆಯುವಾಗ ಅವನು ಇರಲೇ ಇಲ್ಲ ಎಂದು ಆಣೆ ಮಾಡುತ್ತಿದ್ದೆ. ಇದ್ದ. ನನ್ನ ಹುಡ್ಡಿನ ಹಿಂದೆ ಇದ್ದ.

ಕಿಟಕಿ ಎಡಕ್ಕೆ ಮೇಲಿದೆ, ಲೆನ್ಸು ಬಲಕ್ಕೆ ಕೆಳಗಿದೆ. ಹೀಗಾಗಿ ಹುಡ್ ಮುಂದೆ ಚಾಚಿದಷ್ಟೂ ನಿಮ್ಮ ನೋಟದ ಕೆಳಬಲಮೂಲೆಯನ್ನು ನುಂಗುತ್ತದೆ. ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಅನೇಕ ಲೆನ್ಸುಗಳು ಮುಂದಕ್ಕೆ ಬರುತ್ತವೆ, ಆಗ ಇನ್ನಷ್ಟು. ಬಹಳ ದಪ್ಪನೆಯದಾದರೆ ಫೋಕಸಿನ ಎರಡನೆಯ ಬಿಂಬ ತರುವ ಪುಟ್ಟ ಕಿಂಡಿಯೂ ಮುಚ್ಚಿಹೋಗಿ, ಮಚ್ಚೆಯೇ ಮಾಯವಾಗಬಹುದು. ಇದಕ್ಕೆ ಹಿಂದಿನವರು ಕಂಡುಕೊಂಡ ದಾರಿ ಹುಡ್ಡಿನ ಗೋಡೆಯಲ್ಲಿ ಸೀಳು ಕೊಯ್ಯುವುದು. ನನ್ನ ತಮ್ಮನ ಮಗ ಅಂಥದೊಂದನ್ನು ನೋಡಿ ಕೇಳಿದ: "ದೊಡ್ಡಪ್ಪ, ಇದಕ್ಕ ತೂತು ಯಾಕ ಕೊರದಾರ? ಗಾಳಿ ಹೋಗಾಕೇನು?" ಗಾಳಿಗಲ್ಲಪ್ಪ, ಕಣ್ಣಿಗೆ. ಕಿಟಕಿಯಿಂದ ನೋಡುವಾಗ ಆ ಸೀಳುಗಳ ಮೂಲಕ ಮೂಲೆಯಲ್ಲಿ ಏನಿದೆ ಎಂದು ತುಂಡು ತುಂಡಾಗಿಯಾದರೂ ಕಾಣುತ್ತದೆ. ಪೂರ್ತಿ ಅಲ್ಲ, ಆದರೆ ಮಿರ್ಚಿ ತಿನ್ನುವವನನ್ನು ಹಿಡಿಯುವಷ್ಟು ಕಾಣುತ್ತದೆ. ಎಸ್‌ಎಲ್‌ಆರ್ ಲೆನ್ಸಿಗೆ ಇಂಥ ಸೀಳಿನ ಹುಡ್ ಹಾಕಿಕೊಂಡು ತಿರುಗುವವರಿದ್ದಾರೆ. ಅದು ಬರೀ ಚೆಂದಕ್ಕೆ.

ಚೌಕದ ಬಾಯಿಯ ಹುಡ್ಡುಗಳೂ ಇವೆ. ಚಿತ್ರವೂ ಚೌಕಟ್ಟೇ ಆದ್ದರಿಂದ ನೆರಳಿನ ಲೆಕ್ಕದಲ್ಲಿ ದುಂಡನೆಯದಕ್ಕಿಂತ ಒಳ್ಳೆಯವು. ಒಂದೇ ತೊಡಕು, ಹಳೆಯ ಕೆಲವು ಲೆನ್ಸುಗಳಲ್ಲಿ ಫೋಕಸ್ ಮಾಡುವಾಗ ಮುಂಭಾಗವೇ ತಿರುಗುತ್ತದೆ, ಜೊತೆಗೆ ಚೌಕವೂ ಸೊಟ್ಟಗಾಗುತ್ತದೆ. ರಬ್ಬರಿನವು ಅಗ್ಗ, ಮಡಚಿ ಕಿಸೆಗೆ ಹಾಕಬಹುದು, ಆದರೆ ನಮ್ಮ ಬೇಸಿಗೆಗೆ ಕೆಲ ವರ್ಷದಲ್ಲಿ ಬಿರಿಯುತ್ತವೆ. ನಾನು ಕೊಳ್ಳುವುದಿಲ್ಲ.

ಅಳತೆಯ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಅನೇಕ ಲೈಕಾ ಲೆನ್ಸುಗಳ ಬಾಯಿ 39, ಕ್ಯಾನನ್ನಿನ ಹಳೆಯ 50ರದು 40, ಜುಪಿಟರಿನದು 40.5, ನನ್ನ ಕ್ಯಾನನೆಟ್ಟಿನದು 48, ಯಾಶಿಕಾ ಎಲೆಕ್ಟ್ರೋದ್ದು 55. ನಲವತ್ತಕ್ಕೂ ನಲವತ್ತೂವರೆಗೂ ಇರುವ ಅರ್ಧ ಮಿಲಿಮೀಟರಿನಲ್ಲಿ ಮರೆ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಲೆನ್ಸಿನ ಮೇಲೆ ಬರೆದಿರದಿದ್ದರೆ ವರ್ನಿಯರ್ ಇರುವವರ ಹತ್ತಿರ ಹೋಗಿ ಅಳೆಸಿ. ಕ್ಯಾನನೆಟ್ಟಿನಂಥವುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬೆಳಕು ಅಳೆಯುವ ಕಣ್ಣು ಲೆನ್ಸಿನ ಉಂಗುರದ ಒಳಗೇ, ಗಾಜಿನ ಮೇಲ್ಗಡೆ ಇದೆ. ಯಾವುದೋ ಅಡಾಪ್ಟರ್ ಉಂಗುರ ತಿರುಗಿಸಿ ಅದನ್ನು ಮರೆಮಾಡಿದರೆ ಕ್ಯಾಮೆರಾ ಕತ್ತಲಾಯಿತೆಂದು ತಿಳಿದು ಚಿತ್ರಕ್ಕೆಲ್ಲ ಬೆಳಕು ಸುರಿಯುತ್ತದೆ.

ನನಗೆ ಬೇಕಾದ ಗಿಡ್ಡ, ಸೀಳಿನ ಹುಡ್ ಎಲ್ಲೂ ಸಿಗಲಿಲ್ಲ. ಕೊನೆಗೆ ಕೊಪ್ಪಳದ ಒಂದು ಲೇತ್ ಅಂಗಡಿಗೆ ಹೋದೆ. ಪಂಪ್‌ಸೆಟ್ಟಿನ ಬುಶ್ ಕಡೆಯುತ್ತಿದ್ದ ಹುಡುಗ ನನ್ನ ಚಿತ್ರ ನೋಡಿ ನಕ್ಕ. "ಮಾಸ್ತರ್ರ, ಇಷ್ಟು ಸಣ್ಣ ಮರೆ ಇದ್ರಾಗ ಹರಿಯಾಂಗಿಲ್ರಿ. ಹೊರಗಿಂದ ಬಿಗಿಯಾಗಿ ಕೂಡುವಂಗ ಮಾಡ್ತೀನಿ, ಮೂರು ಕಡೆ ಸಣ್ಣ ಸ್ಕ್ರೂ ಕೊಡ್ತೀನಿ." ಅವನು ಹೇಳಿದ್ದೇ ಸರಿ, ಮರೆಯ ಬದಲು ಹೊರಸುತ್ತಿಗೆ ಅಪ್ಪಿ ಹಿಡಿಯುವ ಹುಡ್ಡುಗಳನ್ನು ಲೈಕಾದವರೂ ಮಾಡುತ್ತಿದ್ದರು. ಅಲ್ಯೂಮಿನಿಯಮ್ ಕೊಳವೆ ಕಡೆದು ಕೊಟ್ಟ. ಒಳಗೋಡೆಯನ್ನು ನುಣ್ಣಗೆ ಮಾಡಲು ಹೊರಟವನನ್ನು ನಾನು ತಡೆದೆ. ಒಳಗೆ ಸಣ್ಣ ಸಣ್ಣ ಗೆರೆಗಳು ಇರಲಿ, ಬೆಳಕು ಅವುಗಳ ಸಂದಿಯಲ್ಲಿ ಸಾಯಬೇಕು. ಬಣ್ಣಕ್ಕೆ ಕಿನ್ನಾಳದ ನನ್ನ ಪರಿಚಯದವರ ಹತ್ತಿರ ಹೋಗೋಣವೆಂದಿದ್ದೆ. ಆಮೇಲೆ ನೆನಪಾಯಿತು, ಅವರ ಗೊಂಬೆಗಳ ಹೆಸರೇ ಹೊಳಪಿನಿಂದ, ನನಗೆ ಬೇಕಾದದ್ದು ಹೊಳಪೇ ಇಲ್ಲದ ಕಪ್ಪು. ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಉಳಿದಿತ್ತು, ಅದನ್ನೇ ಎರಡು ಸಲ ಬಳಿದೆ.

ಜೋರ್ಕಿ, ಲೈಕಾದಂಥ ಬಟ್ಟೆ ಪರದೆಯ ಶಟರ್ ಇರುವವರಿಗೆ ಒಂದು ಮಾತು, ಮರೆತೇನು. ಇವುಗಳಲ್ಲಿ ಕನ್ನಡಿ ಅಡ್ಡ ಇಲ್ಲವಲ್ಲ, ಲೆನ್ಸನ್ನು ಸೂರ್ಯನ ಕಡೆ ಬಿಟ್ಟು ಕಟ್ಟೆಯ ಮೇಲೆ ಇಟ್ಟರೆ ಭೂತಗನ್ನಡಿಯಿಂದ ಕಾಗದ ಸುಟ್ಟಂತೆ ಪರದೆಗೆ ತೂತು ಬೀಳುತ್ತದೆ. ಹುಡ್ ಇದನ್ನು ತಡೆಯಲಾರದು. ಹುಡ್ಡಿನ ಮೇಲೆ ಕೂಡುವ ಮುಚ್ಚಳವೊಂದನ್ನೂ ಜೊತೆಗೇ ಕೊಳ್ಳಿ. ಮುಚ್ಚಳ ತೆಗೆಯದೆ ಫೋಟೊ ಹೊಡೆದರೂ ಈ ಕ್ಯಾಮೆರಾದ ಕಿಟಕಿ ಸುಮ್ಮನೆ ಇರುತ್ತದೆ, ಅದನ್ನೂ ನಾನು ಮಾಡಿ ನೋಡಿದವನೇ.

ಬಣ್ಣ ಒಣಗಿದ ಮೇಲೆ ಲೇತ್ ಅಂಗಡಿಗೇ ಹೋಗಿ ಮೊದಲ ರೋಲು ಹಾಕಿದೆ. ಆ ಹುಡುಗ ತಲೆ ಬಾಚಿಕೊಂಡು ಬಂದ, "ಎಲ್ಲಿ ನಿಂದರಲ್ರಿ?" ಅಂದ. ಕೆಳಗೆ, ಬಲಕ್ಕೆ, ಆ ಸ್ಟೂಲಿನ ಮೇಲೆ ಕೂಡಪ್ಪ ಅಂದೆ. ಕಿಟಕಿಯಲ್ಲಿ ಕಣ್ಣಿಟ್ಟೆ. ಮೊದಲ ಸೀಳಿನಲ್ಲಿ ಅವನ ಹಣೆ, ಎರಡನೆಯದರಲ್ಲಿ ಅಂಗಿಯ ಗುಂಡಿ. ನಡುವೆ ಗಲ್ಲ ಕಾಣಲಿಲ್ಲ. ಹಲ್ಲು ಕಿಸಿದಿದ್ದನೋ ಇಲ್ಲವೋ, ರೋಲು ತೊಳೆಸಿದ ಮೇಲೆ ನೋಡಬೇಕು.

ನಮಸ್ಕಾರ.